ಪುಟ್ಟಿಗೆ, ಓರ್ಲಿ ತಲುಪೋ ವಿಷ್ಯ

ಪುಟ್ಟಿ,

ಕೋರ್ಸು, ರೂಮು, ಫೀಸು ಎಲ್ಲಾ ನಿಮ್ಮಪ್ಪ ಹೇಳಿದಾನೆ, ಅದಿರ್ಲಿ. ಮೇಲ್ ಕೊನೇಲಿ ಒಂದ್ ಸಾಲು ಬರ್ದಿದೀಯಲ್ಲ, ಪ್ಯಾರಿಸಲ್ಲಿ ಇಳಿದ್ಮೇಲೆ ತುಲೂಸ್ ಊರಿಗೆ ಹೋಗೋ ಫ್ಲೈಟ್ ಬೇರೆ ಏರ್‌ಪೋರ್ಟಿಂದ, ತಪ್ಪಿಹೋದ್ರೆ ಒಬ್ಳೇ ಏನ್ ಮಾಡ್ಲಿ ದೊಡ್ಡಪ್ಪ ಅಂತ, ಅದನ್ನ ಓದಿದ್ಮೇಲೆ ನಂಗೆ ನಿದ್ದೆ ಹತ್ಲಿಲ್ಲ ಕಣೆ.

ನೀನು ಇಳಿಯೋ ಶಾರ್ಲ್ ದ ಗೋಲ್ ಏರ್‌ಪೋರ್ಟ್ ಇರೋದು ಪ್ಯಾರಿಸ್ ಈಶಾನ್ಯಕ್ಕೆ, ತುಲೂಸ್ ಫ್ಲೈಟ್ ಹೊರಡೋ ಓರ್ಲಿ ದಕ್ಷಿಣಕ್ಕೆ, ಮಧ್ಯ ಇಡೀ ಊರೇ ಇದೆ. ಮ್ಯಾಪಲ್ಲಿ ಗೆರೆ ಎಳೆದ್ರೆ ಸುಮಾರು 35 ಕಿಲೋಮೀಟರ್. 1996ರಲ್ಲಿ ನಾನೂ ಅಷ್ಟೇ ತಾನೇ ಅಂದ್ಕೊಂಡು ಸಂಜೆ ಟ್ಯಾಕ್ಸಿ ಹತ್ತಿದ್ದೆ, ಪೆರಿಫೆರಿಕ್ ಅಂತ ಊರ ಸುತ್ತ ಇರೋ ರಿಂಗ್ ರೋಡಲ್ಲಿ ಗಾಡಿ ಕದಲ್ಲೇ ಇಲ್ಲ, ಮೀಟರ್ ಮಾತ್ರ ಓಡ್ತಿತ್ತು, ಓರ್ಲಿಗೆ ಹೋಗೋಷ್ಟ್ರಲ್ಲಿ ಕೌಂಟರ್ ಮುಚ್ಚಿದ್ರು. ಅಲ್ಲಿ ರಾತ್ರಿ ಹನ್ನೊಂದೂವರೆ ಆದ್ಮೇಲೆ ವಿಮಾನ ಹಾರಿಸೋ ಹಾಗಿಲ್ಲ, ಆ ನಿಶ್ಶಬ್ದ ಈಗ್ಲೂ ಕಿವೀಲಿದೆ. ನೀನು ಕೇಳಿದ್ಯಲ್ಲ ಏನ್ ಮಾಡ್ಲಿ ಅಂತ, ನಾನೂ ಸೂಟ್‌ಕೇಸ್ ಮೇಲೆ ಕೂತು ಅದನ್ನೇ ಕೇಳ್ಕೊಂಡಿದ್ದು.

ಈಗ ಪರವಾಗಿಲ್ಲ. ಆರ್‌ಇಆರ್ ಬಿ ಅನ್ನೋ ಲೋಕಲ್ ಟ್ರೈನಲ್ಲಿ ಊರ ಮಧ್ಯದ ಶಾತ್ಲೆ ಸ್ಟೇಷನ್ನಿಗೆ ಬಂದು 14ನೇ ಮೆಟ್ರೋ ಹತ್ತಿದ್ರೆ ನೇರ ಓರ್ಲಿ, 2024ರ ಜೂನಿಂದ ಅಲ್ಲೀವರೆಗೂ ಹೋಗತ್ತೆ, ಡ್ರೈವರೇ ಇಲ್ಲದ ರೈಲು. ನಡೆಯೋದೂ ಸೇರಿ ಒಂದೂವರೆ ಗಂಟೆ ಅಂತ ಇಟ್ಕೋ, ಶಾತ್ಲೇಲಿ ಪೆಟ್ಟಿಗೆ ಎಳ್ಕೊಂಡು ನಡೀಬೇಕು ಜಾಸ್ತಿ. ಬೆಳಿಗ್ಗೆ ಹೊತ್ತು ಟ್ಯಾಕ್ಸಿ ಮಾತ್ರ ಬೇಡಮ್ಮ.

ಆದ್ರೂ ಎರಡು ಫ್ಲೈಟ್ ಮಧ್ಯ ನಾಲ್ಕು ಗಂಟೆ ಗ್ಯಾಪ್ ನನ್ ಮನಸ್ಸಿಗೆ ಕಮ್ಮಿನೇ. ಇಮಿಗ್ರೇಷನ್ ಕ್ಯೂ ಇದೆ, ಬ್ಯಾಗ್ ನೀನೇ ತಗೊಂಡು ಅಲ್ಲಿ ಮತ್ತೆ ಚೆಕ್‌ಇನ್ ಮಾಡ್ಬೇಕು, ಟಿಕೆಟ್ ಬೇರೆ ಬೇರೆ ಆಗಿರೋದ್ರಿಂದ ಮೊದಲ್ನೇದು ಲೇಟಾದ್ರೆ ಎರಡನೇವ್ರು ಕಾಯಲ್ಲ. ಸಂಜೆ ಫ್ಲೈಟಿಗೆ ಬದಲಾಯ್ಸೋಕಾದ್ರೆ ನೋಡು, ದುಡ್ಡು ನಾನ್ ಕೊಡ್ತೀನಿ, ಅಪ್ಪಂಗೆ ಹೇಳ್ಬೇಡ. ತಪ್ಪಿದ್ರೂ ಪ್ಯಾರಿಸಿನ ಮೊಂಪರ್ನಾಸ್ ಸ್ಟೇಷನ್ನಿಂದ ತುಲೂಸಿಗೆ ಟಿಜಿವಿ ಅನ್ನೋ ಫಾಸ್ಟ್ ಟ್ರೈನ್ ಇದೆ, ನಾಲ್ಕೂವರೆ ಗಂಟೆ ಹತ್ತಿರ. ನಿಂಗೆ ಗೊತ್ತಿರತ್ತೆ ಇದೆಲ್ಲಾ, ನಾನ್ ಹೇಳೋದು ಹಳೇ ಕಾಲದ್ದೇನೋ.

ಇನ್ನೊಂದು, ಯಾರಿಗೂ ಹೇಳಿಲ್ಲ ಇದುವರ್ಗೂ. ಅವತ್ತು ಜೇಬಲ್ಲಿ 50 ಯೂನಿಟ್‌ನ ಫೋನ್ ಕಾರ್ಡ್ ಇತ್ತು, ಬೂತ್ ಎದುರಿಗೇ ಇತ್ತು. ಪ್ಲೇನ್ ತಪ್ಪಿಸ್ಕೊಂಡೆ ಅಂತ ಹೇಗೆ ಹೇಳೋದು ಅನ್ನೋ ನಾಚಿಕೇಲಿ ಫೋನ್ ಮಾಡ್ಲಿಲ್ಲ. ತಲುಪಿದ್ ಸುದ್ದಿ ಬರತ್ತೆ ಅಂತ ನಿಮ್ ತಾತ ಪಕ್ಕದ್ಮನೆ ಫೋನಿಗೋಸ್ಕರ ಅವ್ರ ಜಗಲೀಲಿ ಟಾರ್ಚ್ ಹಿಡ್ಕೊಂಡು ಬೆಳಗಾಗೋವರ್ಗೂ ಕೂತಿದ್ರಂತೆ, ಅವ್ರು ಹೋದ್ಮೇಲೆ ಅಜ್ಜಿ ಹೇಳಿದ್ದು. ಆ ಕಾರ್ಡ್ ಇನ್ನೂ ನನ್ ಬೀರೂಲಿದೆ, ಒಂದ್ ಯೂನಿಟ್ಟೂ ಖರ್ಚಾಗಿಲ್ಲ.

ಹಂಗಾಗಿ ಫ್ಲೈಟ್ ಸಿಗ್ಲಿ ಬಿಡ್ಲಿ, ಓರ್ಲಿ ಮುಟ್ಟಿದ ತಕ್ಷಣ ಒಂದ್ ಮೆಸೇಜ್ ಹಾಕು. ಅಪ್ಪಂಗೆ ಹೇಳೋಕೆ ಭಯ ಆದ್ರೆ ನಂಗೆ ಹಾಕು. ನಾನ್ ಎದ್ದಿರ್ತೀನಿ.

ದೊಡ್ಡಪ್ಪ