408 ರನ್ ಸೋಲಿಗೆ ಉತ್ತರ ಕೊಡುವವರು ಯಾರು?

ಮಾನ್ಯ ಸಂಪಾದಕರೇ,

2025ರ ನವೆಂಬರ್‌ನಲ್ಲಿ ದಕ್ಷಿಣ ಆಫ್ರಿಕಾ ಎದುರು ಸೋತ ಗುವಾಹಟಿ ಟೆಸ್ಟ್ ಬಗ್ಗೆ ಇಂದಿನ ಪತ್ರಿಕೆಯಲ್ಲಿ ಬಂದದ್ದನ್ನೆಲ್ಲ ಓದಿದೆ. ಓದಿದ ಮೇಲೆ ಸಿಟ್ಟು ಇಳಿಯಲಿಲ್ಲ, ಜಾಸ್ತಿಯೇ ಆಯಿತು. ರನ್ ಲೆಕ್ಕದಲ್ಲಿ ಭಾರತ ಟೆಸ್ಟ್‌ನಲ್ಲಿ ಇಷ್ಟು ದೊಡ್ಡ ಸೋಲು ಕಂಡಿದ್ದೇ ಇಲ್ಲ. ಅಂಥ ದಿನ ಕೋಚ್ ಗಂಭೀರ್ ಅವರು ತಮ್ಮ ಮುಂದಿನ ದಾರಿಯನ್ನು ಕ್ರಿಕೆಟ್ ಮಂಡಳಿ ಬಿಸಿಸಿಐ ತೀರ್ಮಾನಿಸಲಿ ಎಂದರು. ಜೊತೆಗೆ ಇಂಗ್ಲೆಂಡ್‌ನ ಫಲಿತಾಂಶ, ಚಾಂಪಿಯನ್ಸ್ ಟ್ರೋಫಿ ಎಲ್ಲ ನೆನಪಿಸಿದರು. ಅದನ್ನು ಮರೆತವರು ಯಾರು ಸ್ವಾಮಿ? ಕೇಳಿದ್ದು ಈ ಸೋಲಿನ ಬಗ್ಗೆ. ತಪ್ಪು ಎಲ್ಲರದ್ದು, ತನ್ನಿಂದಲೇ ಶುರು ಎಂದೂ ಹೇಳಿದರಂತೆ. ತಪ್ಪು ಎಲ್ಲರದ್ದು ಅಂದರೆ ಕೊನೆಗೆ ಅದು ಯಾರ ತಲೆಯ ಮೇಲೂ ಬರುವುದಿಲ್ಲ.

ಶಿರಸಿ ಕಡೆ ಈಗ ಅಡಿಕೆ ಕೊನೆಕೊಯ್ಲಿನ ಹೊತ್ತು. ಮರ ಹತ್ತಿ ಕೊನೆ ಇಳಿಸುವ ಕೊನೆಗೌಡ ಸಿಗುವುದೇ ಕಷ್ಟ. ಸಿಕ್ಕ ದಿನವನ್ನು ಮುಂದೆ ಹಾಕಿ ಟಿವಿ ಮುಂದೆ ಕೂತವನು ನಾನು. ಆಟ ಬೆಳಿಗ್ಗೆ ಒಂಬತ್ತಕ್ಕೇ ಶುರು. ಕೊಟ್ಟಿಗೆ ಕೆಲಸ, ಹಾಲು ಕೊಡುವುದು ಎಲ್ಲ ಕತ್ತಲಲ್ಲೇ ಮುಗಿಸಿದ್ದೆ. ಎಂಟು ವಿಕೆಟ್ ಕೈಯಲ್ಲಿದೆ, ಗೆಲುವು ಬೇಡ, ದಿನವಿಡೀ ನಿಂತು ಡ್ರಾ ಮಾಡಿಕೊಂಡರೆ ಸಾಕು ಎಂಬ ಆಸೆ. ಅಷ್ಟರಲ್ಲಿ ಕರೆಂಟ್ ಹೋಯಿತು. ಫೋನ್ ಮಾಡಿದರೆ ತಂತಿ ಮೇಲೆ ಮರ ಬಿದ್ದಿದೆ ಎಂಬ ಉತ್ತರ. ಮಳೆಗಾಲದಲ್ಲಿ ಆ ಮಾತು ಒಪ್ಪಬಹುದು. ಗಾಳಿಯೂ ಇಲ್ಲದ ನವೆಂಬರ್‌ನಲ್ಲಿ ಯಾವ ಮರ ಬೀಳುತ್ತದೆ? ಮೊಬೈಲ್‌ನಲ್ಲಿ ನೋಡೋಣ ಎಂದರೆ ಮನೆಯಲ್ಲಿ ಸಿಗ್ನಲ್ ಇಲ್ಲ. ದುಡ್ಡು ಕೊಟ್ಟು ಆ್ಯಪ್ ಹಾಕಿಸಿಕೊಂಡಿದ್ದೇನೆ, ಅದನ್ನು ನೋಡಲು ಗುಡ್ಡ ಹತ್ತಬೇಕು. ಹತ್ತಿದೆ. ಮೇಲೆ ಸಿಗ್ನಲ್ ಬರುವ ಹೊತ್ತಿಗೆ ನಮ್ಮವರು ಒಬ್ಬರ ಹಿಂದೆ ಒಬ್ಬರು ಅವರ ಸ್ಪಿನ್ನರ್ ಹಾರ್ಮರ್‌ಗೆ ವಿಕೆಟ್ ಕೊಟ್ಟು ಹೋಗುತ್ತಿದ್ದರು. 140ಕ್ಕೆ ಎಲ್ಲ ಮುಗಿಯಿತು. ಜಡೇಜಾ ಒಬ್ಬರು ಅರ್ಧಶತಕ ಹೊಡೆದರು. ಈಗ ಕೊನೆಗೌಡ ಬೇರೆಯವರ ತೋಟಕ್ಕೆ ಹೋಗಿದ್ದಾನೆ, ಮರದಲ್ಲಿ ಅಡಿಕೆ ಹಣ್ಣಾಗುತ್ತಿದೆ, ಮನೆಯಲ್ಲಿ ನನ್ನ ಜೊತೆ ಮಾತಿಲ್ಲ.

ಸೋಲು ಗೆಲುವು ಆಟದಲ್ಲಿ ಇದ್ದದ್ದೇ ಎಂದು ಯಾರೂ ಸಮಾಧಾನ ಹೇಳಲು ಬರಬೇಡಿ. 2012ರಲ್ಲಿ ಇಂಗ್ಲೆಂಡ್ ಎದುರು ಸೋತ ಮೇಲೆ ನಮ್ಮ ನೆಲದಲ್ಲಿ ಸತತ 18 ಟೆಸ್ಟ್ ಸರಣಿ ಗೆದ್ದ ತಂಡ ಇದು. 2024ರಲ್ಲಿ ನ್ಯೂಜಿಲೆಂಡ್ ಬಂದು 3–0 ಮಾಡಿ ಹೋಯಿತು. ಬೆಂಗಳೂರಿನಲ್ಲಿ 46ಕ್ಕೆ ಆಲೌಟ್ ಆಗಿದ್ದನ್ನು ಕನ್ನಡಿಗರು ಮರೆಯುವುದುಂಟಾ? ಈಗ ದಕ್ಷಿಣ ಆಫ್ರಿಕಾ 2–0. ಅವರು ಇಲ್ಲಿ ಸರಣಿ ಗೆದ್ದು 25 ವರ್ಷ ಆಗಿತ್ತು. ನಡುವೆ ವೆಸ್ಟ್ ಇಂಡೀಸ್ ಎದುರು ಗೆದ್ದ ಎರಡು ಪಂದ್ಯ ಸೇರಿಸಿದರೂ ತವರಿನಲ್ಲಿ ಆಡಿದ ಏಳರಲ್ಲಿ ಐದು ಸೋಲು.

ಈ ಸರಣಿಯ ಮೊದಲ ಟೆಸ್ಟ್‌ನಲ್ಲಿ, ಕೋಲ್ಕತ್ತದಲ್ಲಿ ಆಗಿದ್ದಾದರೂ ಏನು? ತಿರುಗುವ ಪಿಚ್ ಬೇಕೆಂದವರು ನಾವೇ. ನಾಲ್ವರು ಸ್ಪಿನ್ನರ್‌ಗಳನ್ನು ಹಾಕಿಕೊಂಡವರು ನಾವೇ. 124 ರನ್ ಹೊಡೆಯಲಾಗದೆ 93ಕ್ಕೆ ಬಿದ್ದವರೂ ನಾವೇ. ಆಮೇಲೆ ಕೋಚ್, ನಾವು ಕೇಳಿದ ಪಿಚ್ಚೇ ಅದು ಎಂದರು. ಮೂರನೇ ಕ್ರಮಾಂಕ ನೋಡಿ. ದ್ರಾವಿಡ್, ಆಮೇಲೆ ಪೂಜಾರ ವರ್ಷಗಟ್ಟಲೆ ನಿಂತ ಜಾಗ ಅದು. ಕೋಲ್ಕತ್ತದಲ್ಲಿ ಅಲ್ಲಿಗೆ ವಾಷಿಂಗ್ಟನ್ ಸುಂದರ್ ಬಂದರು, ಗುವಾಹಟಿಯಲ್ಲಿ ಸಾಯಿ ಸುದರ್ಶನ್. ಆ ಹುಡುಗರ ಮೇಲೆ ನನಗೆ ಸಿಟ್ಟಿಲ್ಲ. ಪ್ರತಿ ಪಂದ್ಯಕ್ಕೂ ಜಾಗ ಬದಲಾದರೆ ಯಾರು ತಾನೇ ಆಡಿಯಾರು? ನಿತೀಶ್ ರೆಡ್ಡಿಯವರನ್ನು ಆಲ್‌ರೌಂಡರ್ ಎಂದು ಸೇರಿಸಿಕೊಳ್ಳುತ್ತಾರೆ, ಕೈಗೆ ಚೆಂಡು ಕೊಡುವುದು ಬೆರಳೆಣಿಕೆಯ ಓವರ್‌ಗೆ.

ಕರುಣ್ ನಾಯರ್ ವಿಷಯ ಬರೆಯದೆ ಇರಲು ಆಗುವುದಿಲ್ಲ. 2016ರಲ್ಲಿ ಚೆನ್ನೈನಲ್ಲಿ ಔಟಾಗದೆ 303 ಹೊಡೆದವರು. ಆಮೇಲೆ ಕೆಲವೇ ಪಂದ್ಯ, ಹೊರಗೆ. ವಿದರ್ಭ ತಂಡಕ್ಕೆ ಹೋಗಿ ಬೆವರು ಹರಿಸಿದರು, ರನ್ ರಾಶಿ ಹಾಕಿದರು, ಎಂಟು ವರ್ಷದ ಮೇಲೆ ಮತ್ತೆ ಕರೆ ಬಂತು. ಇಂಗ್ಲೆಂಡ್‌ನಲ್ಲಿ ಕ್ರಮಾಂಕ ಬದಲಿಸುತ್ತಾ ನಾಲ್ಕು ಟೆಸ್ಟ್ ಆಡಿಸಿದರು. ಓವಲ್‌ನಲ್ಲಿ ಎಲ್ಲರೂ ಬೀಳುತ್ತಿದ್ದಾಗ ಅರ್ಧಶತಕ ಹೊಡೆದರು. ನಂತರ ಮತ್ತೆ ಹೊರಗೆ, ಇನ್ನೂ ಹೆಚ್ಚು ನಿರೀಕ್ಷಿಸಿದ್ದೆವು ಎಂಬ ಮಾತಿನ ಜೊತೆ. ಮೊನ್ನೆ ಅಕ್ಟೋಬರ್‌ನಲ್ಲಿ ನಮ್ಮ ಪಕ್ಕದ ಶಿವಮೊಗ್ಗದಲ್ಲೇ ಗೋವಾ ಎದುರು ಔಟಾಗದೆ 174 ಮಾಡಿದರು. ಆಯ್ಕೆದಾರರಿಗೆ ಅದು ಕಾಣಿಸಲಿಲ್ಲವೇ? ಕನ್ನಡಿಗ ಎಂದು ಮಾತ್ರ ಹೇಳುತ್ತಿಲ್ಲ. ಬೆಂಗಳೂರಿನಲ್ಲಿ 46ಕ್ಕೆ ಬಿದ್ದ ಅದೇ ಪಂದ್ಯದ ಎರಡನೇ ಇನಿಂಗ್ಸ್‌ನಲ್ಲಿ 150 ಹೊಡೆದ ಸರ್ಫರಾಜ್ ಖಾನ್ ಈಗ ತಂಡದಲ್ಲಿ ಎಲ್ಲಿದ್ದಾರೆ? ವೇಗದ ಬೌಲರ್ ಶಮಿಯವರ ಫಿಟ್‌ನೆಸ್ ಬಗ್ಗೆ ತನಗೆ ಮಾಹಿತಿ ಇಲ್ಲ ಎಂದು ಮುಖ್ಯ ಆಯ್ಕೆದಾರ ಅಗರ್ಕರ್ ಹೇಳಿದರು. ಮಾಹಿತಿ ಕೊಡುವುದು ತನ್ನ ಕೆಲಸವಲ್ಲ, ರಣಜಿ ಆಡುತ್ತಿದ್ದೇನಲ್ಲ ಎಂದು ಶಮಿ ಹೇಳಿದರು. ಒಂದು ಫೋನ್‌ನಲ್ಲಿ ಮುಗಿಯುವ ಮಾತನ್ನು ಇಬ್ಬರೂ ಪತ್ರಿಕೆಗಳ ಮೂಲಕ ಆಡಿದರು.

ಆಯ್ಕೆ ಸಮಿತಿಯಲ್ಲಿ ಐವರಿದ್ದಾರೆ, ಎಲ್ಲರೂ ಆಡಿ ಬಂದವರೇ. ಆಟ ಗೊತ್ತಿಲ್ಲ ಎಂದು ನಾನು ಹೇಳುವುದಿಲ್ಲ. ಆದರೆ ಯಾರನ್ನು ಯಾಕೆ ತೆಗೆದರು, ಯಾಕೆ ತಂದರು ಎಂದು ಸರಿಯಾಗಿ ಹೇಳುವವರು ಒಬ್ಬರೂ ಇಲ್ಲ. ಕೇಳೋಣ ಎಂದರೆ ದಾರಿ ಎಲ್ಲಿದೆ? ಬಿಸಿಸಿಐಯನ್ನು ಮಾಹಿತಿ ಹಕ್ಕಿನ ಕೆಳಗೆ ತರಬೇಕು ಎಂದು ಕಾನೂನು ಆಯೋಗ 2018ರಲ್ಲೇ ಶಿಫಾರಸು ಮಾಡಿತ್ತು. 2025ರಲ್ಲಿ ಸಂಸತ್ತು ಕ್ರೀಡಾ ಆಡಳಿತ ಕಾಯ್ದೆ ಮಾಡಿತು. ಅದರಲ್ಲಿ ಸರ್ಕಾರದ ಹಣ ಪಡೆಯುವ ಸಂಸ್ಥೆಗಳಿಗೆ ಮಾತ್ರ ಮಾಹಿತಿ ಹಕ್ಕು ಎಂದಾಯಿತು. ಬಿಸಿಸಿಐ ಸರ್ಕಾರದ ಹಣ ಪಡೆಯುವುದಿಲ್ಲ. ಮುಗಿಯಿತಲ್ಲ! ಹೆಸರು ಮಾತ್ರ ದೇಶದ್ದು. ಬಿಸಿಸಿಐ ಸುಧಾರಣೆಗೆ ಲೋಧಾ ಸಮಿತಿ ಬಂದು, 2016ರಲ್ಲಿ ಸುಪ್ರೀಂ ಕೋರ್ಟ್ ಅದರ ಹೆಚ್ಚಿನ ಶಿಫಾರಸು ಒಪ್ಪಿದಾಗ ನಾವೆಲ್ಲ ಖುಷಿ ಪಟ್ಟಿದ್ದೆವು. ಪದಾಧಿಕಾರಿಗಳು ಒಂದು ಅವಧಿ ಮುಗಿದ ಮೇಲೆ ಬಿಡುವು ತೆಗೆದುಕೊಳ್ಳಬೇಕು ಎಂಬ ಒಳ್ಳೆಯ ನಿಯಮ ಅದರಲ್ಲಿತ್ತು. 2018ರಲ್ಲಿ ಅದು ಸಡಿಲವಾಯಿತು. 2022ರಲ್ಲಿ ಇನ್ನೂ ಸಡಿಲವಾಗಿ, ರಾಜ್ಯ ಸಂಸ್ಥೆ ಮತ್ತು ಬಿಸಿಸಿಐ ಸೇರಿ ಸತತ 12 ವರ್ಷ ಕುರ್ಚಿಯಲ್ಲಿ ಇರಬಹುದು ಎಂದಾಯಿತು. ಆಟಗಾರನಿಗೆ ಮಾತ್ರ ಎರಡು ಪಂದ್ಯದಲ್ಲಿ ರನ್ ಬರದಿದ್ದರೆ ಜಾಗ ಇಲ್ಲ.

ಮೇಲೆ ಹೇಗೋ ಕೆಳಗೂ ಹಾಗೇ. ನನ್ನ ಅಣ್ಣನ ಮಗ ಒಳ್ಳೆಯ ಎಡಗೈ ಸ್ಪಿನ್ನರ್. ಆಯ್ಕೆಗೆ ಎಂದು ನಸುಕಿನ ಬಸ್ಸಿಗೆ ಹುಬ್ಬಳ್ಳಿಗೆ ಕರೆದುಕೊಂಡು ಹೋಗಿದ್ದೆವು. ಬಿಸಿಲಲ್ಲಿ ಸಂಜೆವರೆಗೆ ಕೂರಿಸಿ, ಒಂದು ಓವರ್ ಹಾಕಿಸಿ, ಆಯ್ತು ಹೋಗು ಎಂದರು. ಪಟ್ಟಿಯಲ್ಲಿ ಹೆಸರಿರಲಿಲ್ಲ. ಏನು ಕಡಿಮೆಯಾಯಿತು, ಏನು ತಿದ್ದಿಕೊಳ್ಳಬೇಕು ಎಂದು ಹುಡುಗ ಕೇಳಿದರೆ ಯಾರೂ ತಲೆ ಎತ್ತಿ ನೋಡಲಿಲ್ಲ. ಈಗ ಅವನು ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿದ್ದಾನೆ, ಚೆಂಡು ಮುಟ್ಟುವುದಿಲ್ಲ. ನಮ್ಮ ಊರ ಮೈದಾನದ ಪಾಡು ಕೇಳಬೇಡಿ. ಭಾಷಣ, ಮೇಳ, ಸಮಾವೇಶ ಎಲ್ಲ ಅಲ್ಲೇ. ಪೆಂಡಾಲಿನ ಗೂಟ ಕಿತ್ತ ಗುಂಡಿಗಳ ನಡುವೆ ಮಕ್ಕಳು ಆಡಬೇಕು.

ನಮ್ಮ ಉತ್ತರ ಕನ್ನಡ ಜಿಲ್ಲೆಗೆ ಉತ್ತರ ಸಿಗದೆ ಇರುವುದು ಹೊಸತಲ್ಲ. ಶಿರಸಿ–ಕುಮಟಾ ರಸ್ತೆ ಎಷ್ಟು ವರ್ಷ ಎಳೆಯಿತು? 2024ರ ಆಗಸ್ಟ್‌ನಲ್ಲಿ ಕಾರವಾರದ ಕಾಳಿ ಹಳೆ ಸೇತುವೆ ನಡುರಾತ್ರಿ ಬಿತ್ತು. ಅದಕ್ಕೆ ಮೂರು ವಾರ ಮೊದಲು ಶಿರೂರಿನಲ್ಲಿ ಗುಡ್ಡ ಕುಸಿದು ಜೀವಗಳು ಹೋದವು. ದೊಡ್ಡ ಆಸ್ಪತ್ರೆ ಬೇಕು ಎಂದು ಜನ ಕೂಗಿ ಕೂಗಿ ಗಂಟಲು ಒಣಗಿದೆ. ಅಧಿಕಾರಿಯನ್ನು ಕೇಳಿದರೆ ಮೇಲಿನವರನ್ನು ಕೇಳಿ ಎನ್ನುತ್ತಾರೆ. ಮೇಲಿನವರು ಕಾಣಸಿಗುವುದಿಲ್ಲ. ಕೋಚ್ ಬಿಸಿಸಿಐ ಕಡೆ ಕೈ ತೋರಿಸಿದ್ದಕ್ಕೆ ನನಗೆ ಇಷ್ಟು ಉರಿದದ್ದು ಇದೇ ಕಾರಣಕ್ಕೆ.

ಆದ್ದರಿಂದ ಕೋಚ್ ಬದಲಿಸಲಿ. ಬದಲಿಸುವುದಿಲ್ಲ ಎಂದರೆ ಯಾಕೆ ಇಟ್ಟುಕೊಂಡಿದ್ದೇವೆ ಎಂದಾದರೂ ಹೇಳಲಿ. ಆಯ್ಕೆ ಸಮಿತಿ ಪ್ರತಿ ತಂಡದ ಜೊತೆ ಕಾರಣವನ್ನೂ ಬರೆದು ಪ್ರಕಟಿಸಲಿ. ರಣಜಿಯಲ್ಲಿ ರನ್ ಮಾಡಿದವರನ್ನು ಮೊದಲು ನೋಡಲಿ. ಹಾಗೆಯೇ ನಮ್ಮ ಜಿಲ್ಲೆಗೊಂದು ಸರಿಯಾದ ಮೈದಾನ, ಸರಿಯಾದ ಪಿಚ್ ಆಗಲಿ, ಪಂದ್ಯದ ದಿನವಾದರೂ ಕರೆಂಟ್ ಇರಲಿ. ಇದು ಜಾಸ್ತಿ ಕೇಳಿದ ಹಾಗೆ ಆಯಿತಾ? ಕೋಟ್ಯಂತರ ಜನ ಕೆಲಸ ಬಿಟ್ಟು ನೋಡುವ ತಂಡವನ್ನು ಹೀಗೆ ನಡೆಸಲು ಸ್ವಲ್ಪವೂ ನಾಚಿಕೆ ಆಗುವುದಿಲ್ಲ ಅಲ್ವಾ ಇವರಿಗೆ? ಉತ್ತರ ಕೊಡಲು ಆಗದಿದ್ದರೆ ಸುಮ್ನೆ ಕುರ್ಚಿ ಬಿಟ್ಟು ಏಳಲಿ. ಆಟ ಬಲ್ಲವರು, ಬಾಯಿ ಬಿಟ್ಟು ಉತ್ತರ ಹೇಳಬಲ್ಲವರು ಈ ದೇಶದಲ್ಲಿ ಬೇಕಾದಷ್ಟು ಜನ ಇದ್ದಾರೆ.

– ನೊಂದ ಓದುಗ, ಶಿರಸಿ ತಾಲ್ಲೂಕು