ಬಾಳೆಹಣ್ಣೋ, ಕಿತ್ತಳೆಯೋ: ನೈರೋಬಿಗೆ ಹೊರಟ ಪುಟ್ಟನಿಗೆ

ಚಿರಂಜೀವಿ ಪುಟ್ಟನಿಗೆ ಮಾವನ ಆಶೀರ್ವಾದಗಳು.

ಕೀನ್ಯಾದಲ್ಲಿ ಕೆಲಸ ಸಿಕ್ಕಿತು ಅಂತ ಕೇಳಿ ಖುಷಿಯಾಯಿತು. ಆದರೆ ಮೊನ್ನೆ ಫೋನಿನಲ್ಲಿ ಅಲ್ಲಿನ ಸಂವಿಧಾನದ ಬಗ್ಗೆ ನೀನಾಡಿದ ಒಂದು ಮಾತು ಮನಸ್ಸಿನಲ್ಲೇ ಕೂತಿದೆ. "ಅಷ್ಟು ಒಳ್ಳೆಯ ಸಂವಿಧಾನಕ್ಕೆ ಬೇಡ ಅಂದವರು ದಡ್ಡರೇ ಅಲ್ವಾ ಮಾವ?" ಅಂದೆ. ಹಾಗನ್ನಬೇಡ ಕಣೋ. ಅಲ್ಲಿಗೆ ಹೋದ ಮೇಲಂತೂ ಅನ್ನಲೇಬೇಡ.

2005ರ ನವೆಂಬರ್‌ನಲ್ಲಿ ಹೊಸ ಸಂವಿಧಾನ ಬೇಕೋ ಬೇಡವೋ ಅಂತ ಅಲ್ಲಿ ಮೊದಲ ಜನಮತ ನಡೆದಾಗ ನಾನು ನೈರೋಬಿಯಲ್ಲಿದ್ದೆ. ಓದು ಬಾರದವರಿಗೂ ಗೊತ್ತಾಗಲಿ ಅಂತ 'ಬೇಕು' ಅನ್ನುವುದಕ್ಕೆ ಬಾಳೆಹಣ್ಣು, 'ಬೇಡ' ಅನ್ನುವುದಕ್ಕೆ ಕಿತ್ತಳೆ ಗುರುತು ಕೊಟ್ಟಿದ್ದರು. ನಮ್ಮ ಬೀದಿಯ ಹಣ್ಣಿನಾಕೆ ಎರಡನ್ನೂ ಒಂದೇ ಬುಟ್ಟಿಯಲ್ಲಿ ತರುತ್ತಿದ್ದವಳು ಆ ತಿಂಗಳು ಬೇರೆ ಬೇರೆ ಇಟ್ಟಳು. ಒಂದು ಡಜನ್ ಬಾಳೆಹಣ್ಣು ಕೊಂಡರೆ ಪಕ್ಕದಲ್ಲಿ ನಿಂತವರು ಮುಖ ನೋಡುತ್ತಿದ್ದರು.

ಆ ಸಲ ಕಿತ್ತಳೆ ಗೆದ್ದಿತು. ಸುಮಾರು 58 ಪರ್ಸೆಂಟ್ ಜನ ಬೇಡ ಅಂದರು. ಅವರಿಗೆ ಹೊಸ ಸಂವಿಧಾನವೇ ಬೇಕಿರಲಿಲ್ಲ ಅಂದುಕೊಳ್ಳಬೇಡ. ಕಾನೂನು ಪಂಡಿತ ಯಶ್ ಪಾಲ್ ಘಾಯ್ ಅವರ ಸಂವಿಧಾನ ಆಯೋಗ ಊರೂರು ಸುತ್ತಿ ಜನರ ಮಾತು ಕೇಳಿತ್ತು, ನೈರೋಬಿಯ ಬೋಮಾಸ್ ಸಭಾಂಗಣದಲ್ಲಿ ತಿಂಗಳುಗಟ್ಟಲೆ ಚರ್ಚೆಯಾಗಿ ಅಧ್ಯಕ್ಷರ ಅಧಿಕಾರಕ್ಕೆ ಕಡಿವಾಣ ಹಾಕುವ ಕರಡು ಸಿದ್ಧವಾಗಿತ್ತು, ಜನರ ಮುಂದೆ ಬರುವ ಹೊತ್ತಿಗೆ ಆ ಕಡಿವಾಣವೇ ಸಡಿಲವಾಗಿತ್ತು. ತುಂಬಾ ಜನಕ್ಕೆ ಸಿಟ್ಟು ಬಂದದ್ದು ಅದಕ್ಕೇ. ಪಂಗಡದ ಲೆಕ್ಕಾಚಾರವೂ ಇತ್ತು, ಇಲ್ಲ ಅನ್ನಲ್ಲ.

ಆಮೇಲೆ 2007ರ ಕೊನೆಯ ಚುನಾವಣೆ, ಅದರ ಹಿಂದೆಯೇ ಹಿಂಸೆ. ಸಾವಿರಕ್ಕೂ ಜಾಸ್ತಿ ಜನ ಸತ್ತರು. ಆ ದಿನಗಳನ್ನು ಬರೆಯಲು ಈಗಲೂ ಕೈ ಬರುವುದಿಲ್ಲ.

2010ರ ಆಗಸ್ಟ್ 4ರಂದು ಮತ್ತೆ ಮತ. ಹಿಂದೆ ಎದುರುಬದುರಾಗಿದ್ದ ಅಧ್ಯಕ್ಷ ಕಿಬಾಕಿ ಮತ್ತು ಆಗಿನ ಪ್ರಧಾನಿ ರೈಲಾ ಒಡಿಂಗಾ ಈ ಸಲ ಒಟ್ಟಿಗೆ 'ಬೇಕು' ಅಂದರು. 'ಬೇಡ' ಅಂದವರ ಮುಂದೆ ಆಗ ಮಂತ್ರಿಯಾಗಿದ್ದ ವಿಲಿಯಂ ರೂಟೊ ಇದ್ದರು, ಚರ್ಚಿನ ಹಿರಿಯರಿದ್ದರು. ಗರ್ಭಪಾತದ ಕಲಮು, ಮುಸ್ಲಿಮರ ಮದುವೆ, ಆಸ್ತಿ ವ್ಯಾಜ್ಯ ನೋಡುವ ಖಾಜಿ ಕೋರ್ಟು, ಜಮೀನು, ಇವೇ ಅವರ ತಕರಾರು. ಖಾಜಿ ಕೋರ್ಟಿನ ಮಾತು ನನಗೆ ಒಪ್ಪಿಗೆಯಾಗಲಿಲ್ಲ, ಹಳೆಯ ಸಂವಿಧಾನದಲ್ಲೂ ಅದು ಇತ್ತಲ್ಲ. ಜಮೀನಿನ ಭಯ ಬೇರೆ. ನಮ್ಮ ಗೋದಾಮಿನಲ್ಲಿ ಎಲ್ಡೊರೆಟ್ ಕಡೆಯ ಮೇಸ್ತ್ರಿಯೊಬ್ಬರಿದ್ದರು. ಒಂದು ಸಂಜೆ ಚಹಾ ಕುಡಿಯುತ್ತಾ ಲೋಟದ ತಳದಿಂದ ಮೇಜಿನ ಮೇಲೆ ನೀರಿನ ಗೆರೆ ಎಳೆದು, ಇದು ಅಪ್ಪನ ಹೊಲ, ಇದರಾಚೆ ಪಕ್ಕದವನದು, 2008ರಲ್ಲಿ ಈ ಗೆರೆಗೇ ಮನೆ ಸುಟ್ಟರು, ಈಗ ಹೊಸ ಕಾನೂನು ಇದನ್ನು ಎಲ್ಲಿ ಎಳೆಯುತ್ತದೋ ಅಂತ ಹೇಳುತ್ತಾ ಸುಮ್ಮನಾದರು. ಅವರನ್ನು ದಡ್ಡ ಅನ್ನೋಕಾಗತ್ತಾ ಹೇಳು?

ಮೂರರಲ್ಲಿ ಎರಡು ಪಾಲು ಜನ ಬೇಕು ಅಂದರು. ನನಗೂ ಸಂತೋಷವಾಗಿತ್ತು. ನಮ್ಮ ಜಿಲ್ಲೆಗಳ ಥರದ 47 ಕೌಂಟಿಗಳಿಗೆ ಅಧಿಕಾರ ಹಂಚಿತು, ಹೊಸ ಸುಪ್ರೀಂ ಕೋರ್ಟ್ ಬಂತು. 2022ರಲ್ಲಿ ರೂಟೊ ಅಧ್ಯಕ್ಷರಾಗಿ ಗೆದ್ದಾಗ ಆ ಗೆಲುವನ್ನು ಎತ್ತಿಹಿಡಿದದ್ದು ಅದೇ ಕೋರ್ಟ್. ತಾವು ಬೇಡ ಅಂದಿದ್ದ ಸಂವಿಧಾನವನ್ನೇ ಕಾಪಾಡುತ್ತೇನೆ ಅಂತ ಅವರು ಪ್ರಮಾಣ ಮಾಡಿದರು.

ಹೋದ ಹೊಸತರಲ್ಲಿ ಜಾಸ್ತಿ ಮಾತಾಡಬೇಡ. ಸಂವಿಧಾನದ ಪುಸ್ತಕ ಒಂದು ಕೊಂಡು ಓದು. ಸಲಿಗೆ ಬೆಳೆದ ಮೇಲೆ, ಆಫೀಸಿನಲ್ಲಿ ಯಾರಾದರೂ ವಯಸ್ಸಾದವರು ಸಿಕ್ಕರೆ ಬಾಳೆಹಣ್ಣು, ಕಿತ್ತಳೆಯ ಕಥೆ ಕೇಳು. ಬೇಡ ಅಂದವರಾದರೆ ಯಾಕೆ ಅಂತ ಕೇಳಿ, ಮಧ್ಯೆ ಬಾಯಿ ಹಾಕದೆ ಪೂರ್ತಿ ಕೇಳಿಸಿಕೊಂಡು, ನನಗೆ ಬರೆ. ಜೂನ್, ಜುಲೈನಲ್ಲಿ ಅಲ್ಲಿ ಚಳಿ, ಸ್ವೆಟರ್ ಮರೆಯಬೇಡ.

ಇಂತಿ ನಿನ್ನ ಮಾವ