ಈ ವಾರ ವಿಚಿತ್ರ ಪೇಟೆಂಟ್‌ಗಳು, ಎಲ್ರೂ ಓದಿ

ಎಲ್ರಿಗೂ ನಮಸ್ಕಾರ. ಈ ವಾರ ವಿಚಿತ್ರ ಪೇಟೆಂಟ್‌ಗಳ ಬಗ್ಗೆ ಮಾತಾಡೋಣ, ಆದ್ರೆ ಒಂದೇ ಷರತ್ತು, ಪೇಟೆಂಟ್ ನಂಬರ್ ಇಲ್ದೆ ಬರೀ ಫಾರ್ವರ್ಡ್ ಹಾಕ್ಬೇಡಿ. ಗೂಗಲ್ ಪೇಟೆಂಟ್ಸ್‌ನಲ್ಲಿ ನಂಬರ್ ಹೊಡೆದ್ರೆ ಚಿತ್ರ ಸಮೇತ ಪೂರ್ತಿ ಸಿಗತ್ತೆ.

ನಾನೇ ಶುರು ಮಾಡ್ತೀನಿ. ಅಮೆರಿಕದ 6368227, 2002ರದ್ದು. ಉಯ್ಯಾಲೆ ಆಡೋ ವಿಧಾನ! ಹಿಂದೆ ಮುಂದೆ ಅಲ್ಲ, ಒಂದ್ಸಲ ಈ ಕಡೆ ಸರಪಳಿ ಇನ್ನೊಂದ್ಸಲ ಆ ಕಡೆ ಸರಪಳಿ ಎಳೀತಾ ಅಡ್ಡಡ್ಡ ತೂಗೋದು, ಬೇಕಿದ್ರೆ ಟಾರ್ಜನ್ ಥರ ಕೂಗ್ಬಹುದು ಅಂತಾನೂ ಅದ್ರಲ್ಲಿ ಬರ್ದಿದೆ. ಅರ್ಜಿ ಒಬ್ಬ ಪುಟ್ಟ ಹುಡುಗನ ಹೆಸ್ರಲ್ಲಿ, ಅಪ್ಪ ಪೇಟೆಂಟ್ ವಕೀಲ. ಆಮೇಲೆ ಮರುಪರಿಶೀಲನೆ ಮಾಡಿ ರದ್ದು ಮಾಡಿದ್ರು. ಲೇಸರ್ ಬೆಳಕು ತೋರ್ಸಿ ಬೆಕ್ಕನ್ನ ಓಡಿಸೋದಕ್ಕೂ ಒಂದಿದೆ, 5443036.

ಇಂಥವು ಯಾಕೆ ಪಾಸಾಗತ್ವೆ ಅಂದ್ರೆ ಪರೀಕ್ಷಕರು ಮುಖ್ಯವಾಗಿ ಹುಡುಕೋದು ಹಳೇ ಪೇಟೆಂಟ್ ಮತ್ತೆ ಅಚ್ಚಾದ ದಾಖಲೆನ, ಎಲ್ಲರಿಗೂ ಗೊತ್ತಿರೋದನ್ನ ಯಾರೂ ಬರ್ದಿಟ್ಟಿರಲ್ಲ. ನಮ್ಮ ಅರಿಶಿನದ ಕಥೆನೂ ಹೀಗೇ ಆಗಿದ್ದು, ಗಾಯಕ್ಕೆ ಅರಿಶಿನ ಹಚ್ಚೋದಕ್ಕೆ 1995ರಲ್ಲಿ ಅಮೆರಿಕದಲ್ಲಿ ಪೇಟೆಂಟ್ ಕೊಟ್ಬಿಟ್ಟಿದ್ರು, ನಮ್ಮ ದೇಶದ ವಿಜ್ಞಾನ ಸಂಶೋಧನಾ ಸಂಸ್ಥೆ ಸಿಎಸ್‌ಐಆರ್ ಹಳೇ ಗ್ರಂಥ, 1953ರ ಒಂದು ವೈದ್ಯಕೀಯ ಲೇಖನ ಎಲ್ಲಾ ತೆಗ್ದು ತೋರ್ಸಿದ್ಮೇಲೆ 1997ರಲ್ಲಿ ರದ್ದಾಯ್ತು. ನನಗಂತೂ ಇದು ನೆನೆದ್ರೆ ಈಗ್ಲೂ ಸಿಟ್ಟು ಬರತ್ತೆ.

ನಿಮ್ಮ ಮನೇಲಿ ಅಜ್ಜಿ ಮಾಡೋ ಮದ್ದು, ಊರಲ್ಲಿ ಯಾರೋ ಮಾಡ್ಕೊಂಡಿರೋ ಸಾಧನ ಇದ್ರೆ ಫೋಟೋ, ತಾರೀಖು ಹಾಕಿ ಬರ್ದಿಡಿ. ಪೇಟೆಂಟ್ ಮಾಡ್ಸೋ ಯೋಚ್ನೆ ಇರೋರು ಮಾತ್ರ ಗುಂಪಲ್ಲಿ ವಿವರ ಹಾಕ್ಬೇಡಿ, ಮೊದ್ಲು ಅರ್ಜಿ ಹಾಕಿ.